ಶಬ್ದ ಏರಿಸುವ ಬದಲು ಸ್ಪೀಕರ್ ಸೇರಿಸೋಣ

ಕಳೆದ ಶ್ರಾವಣ ಮಾಸದಲ್ಲಿ ಒಂದು ಗ್ರಾಮದ ಪ್ರವಚನ ಕಾರ್ಯಕ್ರಮಕ್ಕೆ ನಾವು ಹೋಗಿದ್ದೆವು. ಪ್ರವಚನ ಆರಂಭವಾಗುವ ಮುನ್ನ ಬಂದ ಭಕ್ತರ ರಕ್ತದೊತ್ತಡ ನೋಡುವುದು, ಸಕ್ಕರೆ ಪರೀಕ್ಷಿಸುವುದು ನಮ್ಮ ಪಾಲಿನ ಸೇವೆಯಾಗಿತ್ತು. ಗುಡಿಯ ಮುಂದಿನ ಬಯಲಿನಲ್ಲಿ ಶಾಮಿಯಾನ ಹಾಕಿದ್ದರು. ವೇದಿಕೆಯ ಎಡಬದಿಗೆ ಗಾಲಿಗಳಿರುವ ಒಂದೇ ಒಂದು ಟ್ರಾಲಿ ಸ್ಪೀಕರ್. ಒಳಗೇ ಬ್ಯಾಟರಿ, ಒಳಗೇ ಆಂಪ್ಲಿಫೈಯರ್, ಎರಡು ಮೈಕು. ಊರಿನ ಯುವಕರು ವಂತಿಗೆ ಕೂಡಿಸಿ ಕೊಂಡದ್ದೆಂದು ಹೆಮ್ಮೆಯಿಂದ ತೋರಿಸಿದರು. ಹೆಮ್ಮೆ ಪಡಬೇಕಾದದ್ದೇ. ಬಾಡಿಗೆಯ ಮೈಕ್‌ಸೆಟ್ಟಿಗೆ ವರ್ಷವರ್ಷ ಹಣ ತೆರುವ ತೊಂದರೆ ಆ ಊರಿಗೆ ತಪ್ಪಿತ್ತು.

ಆದರೆ ಆ ಪೆಟ್ಟಿಗೆ ನೆಲದ ಮೇಲಿತ್ತು. ಅದರ ಮುಂದೆ ಐದಾರು ಅಡಿ ದೂರದಲ್ಲಿ ಮಕ್ಕಳು ಕುಳಿತಿದ್ದರು, ಮಕ್ಕಳ ಹಿಂದೆ ಬೇಗನೆ ಬಂದು ಜಾಗ ಹಿಡಿದಿದ್ದ ಹಿರಿಯ ತಾಯಂದಿರು. ಹೊಲದ ಕೆಲಸ ಮುಗಿಸಿ ತಡವಾಗಿ ಬಂದವರು ನೂರು ಅಡಿ ಹಿಂದೆ ನಿಂತಿದ್ದರು. ಪ್ರವಚನ ಆರಂಭವಾಗಿ ಹತ್ತು ನಿಮಿಷವಾಗುವಷ್ಟರಲ್ಲಿ ಹಿಂದಿನಿಂದ ಒಬ್ಬರು ಕೈ ಮೇಲೆತ್ತಿ ಸನ್ನೆ ಮಾಡಿದರು. ಯುವಕನೊಬ್ಬ ಎದ್ದು ಹೋಗಿ ಗುಂಡಿ ತಿರುವಿದ. ಸ್ವಲ್ಪ ಹೊತ್ತಿಗೆ ಮತ್ತೆ ಸನ್ನೆ, ಮತ್ತೆ ತಿರುವು. ಮೂರನೆಯ ಬಾರಿಗೆ ಮುಂದಿನ ಸಾಲಿನ ಮಕ್ಕಳು ಕಿವಿಯ ಮೇಲೆ ಅಂಗೈ ಇಟ್ಟುಕೊಂಡರು. ಹಿಂದಿನವರಿಗೆ ಆಗಲೂ ಮಾತು ತಿಳಿಯುತ್ತಿರಲಿಲ್ಲ, ಗದ್ದಲವಷ್ಟೇ ಹೆಚ್ಚಾಗಿತ್ತು.

ಮರುದಿನ ಮುಂಜಾನೆ ರಕ್ತದೊತ್ತಡ ನೋಡಲೆಂದು ಒಂದು ಮನೆಗೆ ಹೋದಾಗ ಆ ಮನೆಯ ಸೊಸೆ, “ಅತ್ತಿ ಈ ವರ್ಷ ಪುರಾಣಕ್ಕ ಬರೂದೇ ಬಿಟ್ಟಾರ್ರಿ, ಅವರಿಗೆ ಮನಸ್ಸಿಲ್ಲ” ಎಂದರು. ಮೂವತ್ತು ನಲವತ್ತು ವರ್ಷ ಒಂದು ದಿನವೂ ಶ್ರಾವಣದ ಪ್ರವಚನ ತಪ್ಪಿಸದಿದ್ದ ಹಿರಿಯ ಜೀವ ಅದು. ಪಕ್ಕದಲ್ಲಿ ಕುಳಿತು ಮೆಲ್ಲಗೆ ಕೇಳಿದಾಗ ಆ ತಾಯಿ ಹೇಳಿದ ಮಾತು ಈ ಬರೆಹಕ್ಕೆ ಕಾರಣವಾಯಿತು: “ಶಬ್ದ ಬರ್ತೈತ್ರಿ, ಮಾತು ತಿಳಿಯಂಗಿಲ್ಲ. ಮನಿಗೆ ಬಂದ್ರೂ ಕಿವಿ ಗುಂಯ್ ಅಂತಾವು. ಹೋಗಿ ಏನ್ ಮಾಡ್ಲಿ?”

ಮನಸ್ಸಿಲ್ಲವೆಂದು ಮನೆಯವರು ಭಾವಿಸಿದ್ದರು. ನಿಜವಾಗಿ ಇಲ್ಲದಿದ್ದದ್ದು ಆಕೆಯ ಕಿವಿಗೆ ತಕ್ಕ ಧ್ವನಿ. ಹೀಗೆ ಸತ್ಸಂಗದಿಂದ ಸದ್ದಿಲ್ಲದೆ ಹಿಂದೆ ಸರಿದ ಹಿರಿಯರು ಪ್ರತಿ ಊರಿನಲ್ಲಿಯೂ ಇದ್ದಾರೆ. ಅವರನ್ನು ಯಾರೂ ಎಣಿಸುವುದಿಲ್ಲ.

ಈ ಸಂಚಿಕೆಯ ಆರೋಗ್ಯ ವಿಭಾಗದಲ್ಲಿ ಆಹಾರವನ್ನೋ ಯೋಗವನ್ನೋ ಕುರಿತು ಬರೆಯುವ ಬದಲು ಧ್ವನಿವರ್ಧಕದ ವಿಷಯವನ್ನು ನಾವು ಎತ್ತಿಕೊಂಡದ್ದಕ್ಕೆ ಕೆಲವರಿಗೆ ಆಶ್ಚರ್ಯವಾಗಬಹುದು. ನಮ್ಮ ಅಭಿಪ್ರಾಯ ಇಷ್ಟೇ: ಜನ ಹೆಚ್ಚಾದಾಗ, ಬಯಲು ದೊಡ್ಡದಾದಾಗ, ಇರುವ ಒಂದೇ ಪೆಟ್ಟಿಗೆಯ ಶಬ್ದವನ್ನು ಏರಿಸುವುದು ಕಿವಿಗೆ ಮಾಡುವ ಅಪಚಾರ. ಅದರ ಬದಲು ಇನ್ನೊಂದೋ ಎರಡೋ ಸ್ಪೀಕರ್‌ಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸಿ, ಜನರ ಸಮೀಪಕ್ಕೆ ತಂದು, ಎಲ್ಲವನ್ನೂ ಸಣ್ಣ ಧ್ವನಿಯಲ್ಲಿ ನುಡಿಸಬೇಕು. ಧ್ವನಿವರ್ಧಕವನ್ನೇ ಬಿಡಿ ಎಂದು ನಾವು ಹೇಳುತ್ತಿಲ್ಲ. ಹೆಚ್ಚು ಸ್ಪೀಕರ್ ಇಡಿ ಎನ್ನುತ್ತಿದ್ದೇವೆ.

ಹೆಚ್ಚು ಸ್ಪೀಕರ್ ಇಟ್ಟರೆ ಹೆಚ್ಚು ಶಬ್ದವಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಇಲ್ಲಿ ಸ್ವಲ್ಪ ಲೆಕ್ಕ ಅಗತ್ಯ. ತೆರೆದ ಬಯಲಿನಲ್ಲಿ ಸ್ಪೀಕರ್‌ನಿಂದ ದೂರ ಇಮ್ಮಡಿಯಾದಂತೆಲ್ಲ ಶಬ್ದದ ಮಟ್ಟ ಸುಮಾರು ೬ ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರ್ ದೂರದಲ್ಲಿ ೧೦೦ ಡೆಸಿಬೆಲ್ ಇದ್ದರೆ ೨ ಮೀಟರಿಗೆ ೯೪, ೪ ಮೀಟರಿಗೆ ೮೮, ೮ ಮೀಟರಿಗೆ ೮೨, ೧೬ ಮೀಟರಿಗೆ ೭೬, ೩೨ ಮೀಟರಿಗೆ ೭೦. ಅಂದರೆ ನೂರು ಅಡಿಯಾಚೆ ನಿಂತವರಿಗೆ ಮಾತು ಸಾಕಷ್ಟು ಕೇಳುವ ೭೦ ಡೆಸಿಬೆಲ್ ತಲುಪಬೇಕೆಂದರೆ ಪೆಟ್ಟಿಗೆಯ ಮುಂದೆ ಆರು ಅಡಿಯಲ್ಲಿ ಕುಳಿತ ಮಗು ೯೪ ಡೆಸಿಬೆಲ್ ಸಹಿಸಬೇಕು.

ಈ ೯೪ ಎಂಬುದು ಎಷ್ಟು? ಎದುರುಬದುರು ಕುಳಿತು ಆಡುವ ಮಾತು ಸುಮಾರು ೬೦ ಡೆಸಿಬೆಲ್. ಕಾರ್ಖಾನೆಗಳಲ್ಲಿ ದುಡಿಯುವವರ ಕಿವಿಯನ್ನು ಕಾಯಲು ಆರೋಗ್ಯ ತಜ್ಞರು ಬಹುವಾಗಿ ಅನುಸರಿಸುವ ಲೆಕ್ಕವೊಂದಿದೆ: ದಿನಕ್ಕೆ ೮ ಗಂಟೆ ಕಾಲ ೮೫ ಡೆಸಿಬೆಲ್ ಮಿತಿ. ಅಲ್ಲಿಂದ ಪ್ರತಿ ೩ ಡೆಸಿಬೆಲ್ ಏರಿದಾಗಲೂ ಕಾಲ ಅರ್ಧವಾಗುತ್ತದೆ. ೮೮ ಆದರೆ ೪ ಗಂಟೆ, ೯೧ ಆದರೆ ೨ ಗಂಟೆ, ೯೪ ಆದರೆ ಒಂದೇ ಗಂಟೆ. ಆ ಯುವಕ ಗುಂಡಿ ತಿರುವಿ ಇನ್ನೂ ೬ ಡೆಸಿಬೆಲ್ ಏರಿಸಿದನೆಂದರೆ ಮುಂದಿನ ಸಾಲು ೧೦೦ಕ್ಕೆ ಮುಟ್ಟಿತು. ಅದಕ್ಕೆ ಮಿತಿ ೧೫ ನಿಮಿಷ. ನಮ್ಮ ಪ್ರವಚನಗಳು ಒಂದೂವರೆ ಗಂಟೆ ನಡೆಯುತ್ತವೆ.

ಭಯ ಹುಟ್ಟಿಸುವುದು ನಮ್ಮ ಉದ್ದೇಶವಲ್ಲ. ಈ ಮಿತಿಗಳು ವರ್ಷಗಟ್ಟಲೆ ದಿನವೂ ಶಬ್ದದ ನಡುವೆ ಇರುವವರಿಗಾಗಿ ಮಾಡಿದವು. ಮಾತು ಯಂತ್ರದ ಸದ್ದಿನಂತೆ ಎಡೆಬಿಡದೆ ಬರುವುದೂ ಇಲ್ಲ. ಒಂದು ಸಂಜೆಯ ಪ್ರವಚನದಿಂದ ಯಾರೂ ಕಿವುಡಾಗುವುದಿಲ್ಲ. ಆದರೆ ಶ್ರಾವಣದ ತಿಂಗಳು, ಮುಂದೆ ಗಣೇಶೋತ್ಸವ, ಜಾತ್ರೆ, ಮದುವೆಯ ಮೆರವಣಿಗೆಯ ಡಿಜೆ, ದಿನವೂ ಕಿವಿಯೊಳಗಿನ ಇಯರ್‌ಫೋನ್, ಇವೆಲ್ಲವೂ ಒಂದೇ ಕಿವಿಯ ಖಾತೆಗೆ ಜಮೆಯಾಗುತ್ತವೆ. ಇಯರ್‌ಫೋನ್ ಮುಂತಾದ ಸಾಧನಗಳಿಗೆ ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಹೊರತಂದ ಮಾನದಂಡದಲ್ಲಿ ವಯಸ್ಕರಿಗೆ ವಾರಕ್ಕೆ ೪೦ ಗಂಟೆ ಕಾಲ ೮೦ ಡೆಸಿಬೆಲ್ ಎಂದಿದ್ದರೆ ಮಕ್ಕಳಿಗೆ ೭೫ ಎಂದಿದೆ. ಮಕ್ಕಳ ಕಿವಿಗೆ ಹೆಚ್ಚಿನ ರಕ್ಷಣೆ ಬೇಕೆಂದು ಲೋಕವೇ ಒಪ್ಪಿರುವಾಗ ನಾವು ಅವರನ್ನು ಕೂರಿಸುವುದು ಪೆಟ್ಟಿಗೆಯ ಬಾಯಿಗೆ ನೇರವಾಗಿ.

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತಹ ಒಂದು ಸುರುಳಿ ಇದೆ. ಅದರೊಳಗೆ ಸುಮಾರು ೧೫ ಸಾವಿರ ರೋಮಕೋಶಗಳು. ಶಬ್ದದ ಅಲೆಯನ್ನು ನರದ ಭಾಷೆಗೆ ತಿರುಗಿಸುವವು ಇವೇ. ಮಿತಿಮೀರಿದ ಶಬ್ದದಿಂದ ಇವು ಮೊದಲು ಬಳಲುತ್ತವೆ, ಕಿವಿ ಮುಚ್ಚಿದಂತಾಗುತ್ತದೆ, ಗುಂಯ್‌ಗುಡುತ್ತದೆ. ವಿಶ್ರಾಂತಿ ಕೊಟ್ಟರೆ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತವೆ. ಮತ್ತೆ ಮತ್ತೆ ಬಳಲಿಸಿದರೆ ಸಾಯುತ್ತವೆ. ಗಾಯವಾದ ಚರ್ಮ ಮತ್ತೆ ಬೆಳೆಯುತ್ತದೆ, ಮುರಿದ ಎಲುಬು ಕೂಡುತ್ತದೆ. ಮನುಷ್ಯನಲ್ಲಿ ಸತ್ತ ಈ ಕೋಶ ಮತ್ತೆ ಹುಟ್ಟುವುದಿಲ್ಲ. ಜಗತ್ತಿನಲ್ಲಿ ೧೫೦ ಕೋಟಿಗೂ ಹೆಚ್ಚು ಜನರು ಯಾವುದಾದರೊಂದು ಪ್ರಮಾಣದ ಶ್ರವಣದೋಷದಿಂದ ಬಳಲುತ್ತಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ೨೦೨೧ರ ವರದಿ ಹೇಳುತ್ತದೆ.

ವೃದ್ಧಾಪ್ಯದಲ್ಲಿ ಇನ್ನೊಂದು ತೊಡಕಿದೆ. ವಯಸ್ಸಾದಂತೆ ಮೊದಲು ಕುಗ್ಗುವುದು ಎತ್ತರದ ಸ್ವರಗಳನ್ನು ಹಿಡಿಯುವ ಶಕ್ತಿ. ಅ, ಆ, ಓ ಮೊದಲಾದ ಸ್ವರಾಕ್ಷರಗಳು ತಗ್ಗಿನ ನಾದದವು, ಅವು ಕೇಳುತ್ತಲೇ ಇರುತ್ತವೆ. ಸ, ಶ, ತ, ಕ, ಪ ಮೊದಲಾದ ವ್ಯಂಜನಗಳ ಸೂಕ್ಷ್ಮ ಸದ್ದು ಕಳೆದುಹೋಗುತ್ತದೆ. ಮಾತಿನ ಅರ್ಥ ನಿಂತಿರುವುದು ಬಹುಪಾಲು ವ್ಯಂಜನಗಳ ಮೇಲೆ. ಆದ್ದರಿಂದಲೇ ಆ ತಾಯಿಗೆ ಶಬ್ದ ಬರುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಇದರ ಜೊತೆಗೆ, ಸಣ್ಣ ಶಬ್ದ ಕೇಳದ ಮುದಿಕಿವಿ ದೊಡ್ಡ ಶಬ್ದವನ್ನು ಸಹಿಸಲಾರದು. ಕೇಳುವುದಕ್ಕೂ ನೋಯುವುದಕ್ಕೂ ನಡುವಿನ ಅಂತರ ಕಿರಿದಾಗಿರುತ್ತದೆ. ಹೀಗಿರುವಾಗ ಶಬ್ದ ಏರಿಸಿದರೆ ಅವರಿಗೆ ಅರ್ಥ ಹೆಚ್ಚು ದೊರೆಯುವುದಿಲ್ಲ, ನೋವು ಹೆಚ್ಚಾಗುತ್ತದೆ. ಅವರಿಗೆ ಬೇಕಾದದ್ದು ಹತ್ತಿರದಿಂದ, ಪ್ರತಿಧ್ವನಿಯಿಲ್ಲದೆ, ಹದವಾಗಿ ಬರುವ ಧ್ವನಿ.

ಈಗ ಅದೇ ಬಯಲಿಗೆ ಹಿಂದಿರುಗೋಣ. ಮೊದಲ ಪೆಟ್ಟಿಗೆ ವೇದಿಕೆಯ ಬಳಿ, ಎರಡನೆಯದು ೧೬ ಮೀಟರ್ ಮುಂದೆ, ಜನರ ನಡುವಿನ ಹಾದಿಯ ಅಂಚಿನಲ್ಲಿ, ಎರಡೂ ಹಿಂದಿನ ದಿಕ್ಕಿಗೆ ಮುಖ ಮಾಡಿರಲಿ. ಪ್ರತಿಯೊಂದೂ ೧೬ ಮೀಟರ್ ಮಾತ್ರ ತಲುಪಿದರೆ ಸಾಕಾದ್ದರಿಂದ ಒಂದು ಮೀಟರಿನಲ್ಲಿ ೧೦೦ರ ಬದಲು ೯೪ ಸಾಕು. ಎರಡನ್ನೂ ನೆಲದಿಂದ ಎತ್ತಿ ಏಳೆಂಟು ಅಡಿಯ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಮುಖವನ್ನು ತುಸು ಕೆಳಕ್ಕೆ ಬಾಗಿಸಿ, ಸುತ್ತ ಹನ್ನೆರಡು ಹದಿಮೂರು ಅಡಿ ಯಾರೂ ಕೂರದಂತೆ ಜಾಗ ಬಿಟ್ಟರೆ ಅತ್ಯಂತ ಹತ್ತಿರದ ಕಿವಿಗೆ ತಲುಪುವುದು ಸುಮಾರು ೮೨ ಡೆಸಿಬೆಲ್. ಹಿಂದಿನವರಿಗೆ ಮೊದಲಿನಷ್ಟೇ ೭೦. ಮುಂದಿನ ಮಗುವಿನ ಕಿವಿಯಿಂದ ೧೨ ಡೆಸಿಬೆಲ್ ಭಾರ ಇಳಿಯಿತು. ೩ ಡೆಸಿಬೆಲ್ ಇಳಿದರೆ ಶಬ್ದದ ಶಕ್ತಿ ಅರ್ಧವಾಗುತ್ತದೆಂಬ ಲೆಕ್ಕದಲ್ಲಿ ಇದು ಹದಿನಾರನೆಯ ಒಂದು ಪಾಲು. ಬ್ಯಾಟರಿಗೂ ಲಾಭವಿದೆ: ಎರಡೂ ಪೆಟ್ಟಿಗೆ ಸೇರಿ ಬಳಸುವ ಶಕ್ತಿ ಮೊದಲಿನ ಒಂದು ಪೆಟ್ಟಿಗೆಯ ಅರ್ಧ.

ಹೀಗೆ ಹೇಳಿದ್ದನ್ನು ಕೇಳಿಯೇ ಆ ಊರಿನ ಯುವಕರು ಮರುವಾರ ಉತ್ಸಾಹದಿಂದ ಎರಡು ಹಳೆಯ ಸ್ಪೀಕರ್ ಪೆಟ್ಟಿಗೆಗಳನ್ನು ತಂದು ಜೋಡಿಸಿದರು. ಜೋಡಿಸುವ ಕ್ರಮವನ್ನು ನಾವು ಹೇಳಿರಲಿಲ್ಲ, ಅದು ನಮ್ಮ ತಪ್ಪು. ಪ್ರವಚನದ ನಡುವೆ ಸುಟ್ಟ ವಾಸನೆ ಬಂದು ಎಲ್ಲವೂ ಮೌನವಾಯಿತು. ಪೂಜ್ಯರು ಉಳಿದ ಭಾಗವನ್ನು ಬರಿಯ ಕಂಠದಿಂದಲೇ ಮುಗಿಸಿದರು. ಎಲ್ಲರೂ ಮುಂದೆ ಸರಿದು ಒತ್ತಾಗಿ ಕುಳಿತರು. ಅಂದು ಎಲ್ಲರಿಗೂ ಚೆನ್ನಾಗಿ ಕೇಳಿಸಿತೆಂದು ಅನೇಕರು ಹೇಳಿದ್ದನ್ನು ಇಲ್ಲಿ ದಾಖಲಿಸದೆ ಇರಲಾರೆವು.

ಆದದ್ದೇನೆಂದರೆ, ಟ್ರಾಲಿ ಪೆಟ್ಟಿಗೆಯೊಳಗಿನ ಸ್ಪೀಕರ್ ೪ ಓಮಿನದು. ಆಂಪ್ಲಿಫೈಯರ್ ತಡೆದುಕೊಳ್ಳುವುದೂ ಕನಿಷ್ಠ ೪ ಓಮ್. ಓಮ್ ಕಡಿಮೆಯಾದಷ್ಟೂ ಆಂಪ್ಲಿಫೈಯರಿನಿಂದ ಹೆಚ್ಚು ಕರೆಂಟು ಹರಿಯುತ್ತದೆ. ಹೊರಗಿನ ಎರಡು ಪೆಟ್ಟಿಗೆಗಳು ತಲಾ ೮ ಓಮ್. ಅವೆರಡನ್ನು ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಎಂದು ಅಕ್ಕಪಕ್ಕ ಸೇರಿಸಿದಾಗ ೪ ಆಯಿತು. ಅದು ಒಳಗಿನ ೪ರೊಡನೆ ಸೇರಿ ೨ ಆಯಿತು. ಎರಡು ಎತ್ತಿನ ಗಾಡಿಗೆ ನಾಲ್ಕು ಗಾಡಿಯ ಹೇರು ಹೇರಿದಂತೆ.

ಆದ್ದರಿಂದ ಹೊಸ ಸ್ಪೀಕರ್ ತರುವ ಮೊದಲು ಇರುವ ಪೆಟ್ಟಿಗೆಯ ಬೆನ್ನು ನೋಡಬೇಕು. ಇಂದಿನ ಟ್ರಾಲಿ ಸ್ಪೀಕರ್‌ಗಳಲ್ಲಿ ಬಹುಪಾಲಿನವಕ್ಕೆ ಹೊರಗಿನ ಸ್ಪೀಕರ್‌ಗೆಂದು ಮಾಡಿದ ಜಾಗವೇ ಇರುವುದಿಲ್ಲ. ಒಳಗಿನ ವಯರ್ ಬಿಚ್ಚಿ ಅದಕ್ಕೆ ಜೋಡಿಸುವ ಸಾಹಸ ಬೇಡ. ‘ಲೈನ್ ಔಟ್’ ಎಂಬ ತೂತು ಇದ್ದರೆ ಅದು ನಮಗೆ ಬೇಕಾದದ್ದು. ಅದರಿಂದ ಹೊರಡುವುದು ಸ್ಪೀಕರ್ ನಡೆಸುವ ಶಕ್ತಿಯಲ್ಲ, ಸಣ್ಣ ಸಂಕೇತ ಮಾತ್ರ. ಅದನ್ನು ತನ್ನದೇ ಆಂಪ್ಲಿಫೈಯರ್ ಇರುವ ಇನ್ನೊಂದು ಪೆಟ್ಟಿಗೆಯ ‘ಲೈನ್ ಇನ್’ ಅಥವಾ ‘ಆಕ್ಸ್’ ತೂತಿಗೆ ಕೊಡಬೇಕು. ಆಂಪ್ಲಿಫೈಯರ್ ಇಲ್ಲದ ಬರಿಯ ಸ್ಪೀಕರ್ ಪೆಟ್ಟಿಗೆಗೆ ಕೊಟ್ಟರೆ ಧ್ವನಿಯೇ ಬಾರದು. ಇದಕ್ಕೆ ವಿರುದ್ಧವಾಗಿ ಸ್ಪೀಕರ್ ಔಟಿನ ವಯರನ್ನು ಇನ್ನೊಂದರ ಮೈಕಿನ ತೂತಿಗೆ ಸಿಕ್ಕಿಸಿದರೆ ಆ ಪೆಟ್ಟಿಗೆ ಕೆಡುವ ಅಪಾಯವಿದೆ. ನಮ್ಮ ಗ್ರಾಮಗಳ ಮಟ್ಟಿಗೆ ಅತ್ಯಂತ ಸುರಕ್ಷಿತ ಮಾರ್ಗವೆಂದರೆ ಒಂದು ದೊಡ್ಡ ಪೆಟ್ಟಿಗೆಯ ಬದಲು ಲೈನ್ ಔಟ್ ಇರುವ ಎರಡು ಸಾಧಾರಣ ಪೆಟ್ಟಿಗೆಗಳನ್ನು ಕೊಳ್ಳುವುದು. ಅಂಗಡಿಯಲ್ಲಿ ವ್ಯಾಟ್ ಎಷ್ಟೆಂದು ಕೇಳುವ ಮೊದಲು ಲೈನ್ ಔಟ್ ಇದೆಯೇ ಎಂದು ಕೇಳಿರಿ. ಪೆಟ್ಟಿಗೆಯ ಮೇಲೆ ಸಾವಿರಾರು ವ್ಯಾಟ್ ಎಂದು ಅಚ್ಚಾಗಿರುವುದಕ್ಕೂ ಅದು ನಿಜವಾಗಿ ಕೊಡುವುದಕ್ಕೂ ಬಹಳ ದೂರ.

ಪ್ರತ್ಯೇಕ ಆಂಪ್ಲಿಫೈಯರ್ ಇರುವ ಮೈಕ್‌ಸೆಟ್ಟಾದರೆ ಓಮಿನ ಲೆಕ್ಕ ತಪ್ಪಬಾರದು. ೮ ಓಮಿನ ಎರಡು ಸ್ಪೀಕರ್ ಅಕ್ಕಪಕ್ಕ ಸೇರಿದರೆ ೪, ನಾಲ್ಕು ಸೇರಿದರೆ ೨. ಒಂದರ ಹಿಂದೊಂದು ಸಾಲಾಗಿ ಸೇರಿದರೆ ಎರಡಕ್ಕೆ ೧೬. ಅಂತಹ ಎರಡು ಸಾಲುಗಳನ್ನು ಅಕ್ಕಪಕ್ಕ ಸೇರಿಸಿದರೆ ನಾಲ್ಕು ಸ್ಪೀಕರ್ ಇದ್ದರೂ ೮ ಓಮೇ ಉಳಿಯುತ್ತದೆ. ಕೆಂಪು ಕಪ್ಪು ಅದಲುಬದಲಾದರೆ ಏನೂ ಸುಡುವುದಿಲ್ಲ, ಆದರೆ ಒಂದು ಸ್ಪೀಕರ್ ನೂಕುವಾಗ ಇನ್ನೊಂದು ಎಳೆದು, ಎರಡರ ನಡುವೆ ಕುಳಿತವರಿಗೆ ಧ್ವನಿ ಟೊಳ್ಳಾಗಿ ಕೇಳುತ್ತದೆ. ಉದ್ದದ ವಯರೂ ಧ್ವನಿಯನ್ನು ನುಂಗುತ್ತದೆ. ೧ ಚದರ ಮಿಲಿಮೀಟರ್ ದಪ್ಪದ ತಾಮ್ರದ ವಯರನ್ನು ೫೦ ಮೀಟರ್ ಎಳೆದು ೪ ಓಮಿನ ಸ್ಪೀಕರ್ ನಡೆಸಿದರೆ ಆಂಪ್ಲಿಫೈಯರ್ ಕೊಟ್ಟದ್ದರಲ್ಲಿ ನೂರಕ್ಕೆ ಸುಮಾರು ೩೦ ಪಾಲು ವಯರಿನಲ್ಲೇ ಶಾಖವಾಗಿ ಹೋಗುತ್ತದೆ. ೨.೫ ಚದರ ಮಿಲಿಮೀಟರಿನದಾದರೆ ಅದು ಅರ್ಧಕ್ಕಿಳಿಯುತ್ತದೆ.

ದೊಡ್ಡ ಜಾತ್ರೆಯ ಬಯಲಿಗೆ, ಅಂದರೆ ಎಂಟು ಹತ್ತು ಕಡೆ ಸ್ಪೀಕರ್ ಬೇಕಾದಲ್ಲಿಗೆ, ಹಳೆಯ ಮೈಕ್‌ಸೆಟ್ಟಿನವರು ಬಲ್ಲ ೧೦೦ ವೋಲ್ಟ್ ಲೈನಿನ ಪದ್ಧತಿಯೇ ಸರಿ. ಪ್ರತಿ ಸ್ಪೀಕರಿಗೂ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಅದರಲ್ಲಿ ಇಂತಿಷ್ಟು ವ್ಯಾಟ್ ಎಂದು ಆರಿಸಿಕೊಳ್ಳಬಹುದು. ಓಮಿನ ತಲೆನೋವಿಲ್ಲ. ಎಲ್ಲ ಸ್ಪೀಕರ್‌ಗಳ ವ್ಯಾಟ್ ಕೂಡಿಸಿದ್ದು ಆಂಪ್ಲಿಫೈಯರಿನ ವ್ಯಾಟನ್ನು ಮೀರದಿದ್ದರೆ ಸಾಕು, ಸ್ವಲ್ಪ ಕಡಿಮೆಯೇ ಇದ್ದರೆ ಲೇಸು. ನೂರಾರು ಅಡಿ ವಯರ್ ಎಳೆದರೂ ಹೆಚ್ಚು ನಷ್ಟವಾಗದು. ಆದರೆ ೧೦೦ ವೋಲ್ಟ್ ಎಂದರೆ ಮುಟ್ಟಿದರೆ ಶಾಕ್ ಹೊಡೆಯುವಂಥದ್ದು. ಬರಿಯ ವಯರ್ ಸುತ್ತಿ ಬಿಡುವುದು, ದಾಸೋಹದ ನೀರು ಹರಿಯುವ ಕಡೆ ನೆಲದ ಮೇಲೆ ಹಾಯಿಸುವುದು ಸಲ್ಲದು. ಇದನ್ನು ಬಲ್ಲವರ ಕೈಯಲ್ಲೇ ಮಾಡಿಸಬೇಕು.

ಇನ್ನು ಬ್ಲೂಟೂತ್. ವಯರಿನ ಗೊಡವೆಯೇ ಬೇಡವೆಂದು ಎರಡನೆಯ ಪೆಟ್ಟಿಗೆಯನ್ನು ಬ್ಲೂಟೂತಿನಿಂದ ಸೇರಿಸುವವರಿದ್ದಾರೆ. ಅದರಲ್ಲಿ ಧ್ವನಿ ತಡವಾಗಿ ಹೊರಡುತ್ತದೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು ೩೪೦ ಮೀಟರ್ ಚಲಿಸುವುದರಿಂದ ಸೆಕೆಂಡಿನ ಹತ್ತನೆಯ ಒಂದು ಪಾಲು ತಡವೆಂದರೆ ೩೪ ಮೀಟರ್ ಆಚೆಯಿಂದ ಬಂದ ಮಾತಿನ ಹಾಗೆ. ಎರಡರ ನಡುವೆ ಕುಳಿತವರಿಗೆ ಒಂದೊಂದು ಪದವೂ ಎರಡೆರಡು ಬಾರಿ ಕೇಳಿ ಅರ್ಥ ಕಲಸಿಹೋಗುತ್ತದೆ. ಮಾತಿನ ಕಾರ್ಯಕ್ರಮಕ್ಕೆ ವಯರೇ ಇರಲಿ.

ಖರ್ಚಿಲ್ಲದ ಉಪಾಯಗಳೂ ಇವೆ. ಮಾತನಾಡುವವರ ಬಾಯಿಗೂ ಮೈಕಿಗೂ ಇರುವ ದೂರ ಅರ್ಧವಾದರೆ ೬ ಡೆಸಿಬೆಲ್ ಪುಕ್ಕಟೆಯಾಗಿ ದೊರೆಯುತ್ತದೆ. ನಮ್ಮ ಪೂಜ್ಯರೂ ಅತಿಥಿಗಳೂ ಮೈಕನ್ನು ಒಂದಡಿ ದೂರ ಇಟ್ಟುಕೊಂಡು ಮಾತನಾಡುವುದುಂಟು. ನಾಲ್ಕು ಬೆರಳಿನಷ್ಟು ಹತ್ತಿರಕ್ಕೆ ತಂದುಕೊಳ್ಳಬೇಕೆಂದು ವಿನಯದಿಂದ ಬಿನ್ನವಿಸಿಕೊಳ್ಳುತ್ತೇವೆ. ಅವರ ಗಂಟಲಿಗೂ ಅದರಿಂದ ವಿಶ್ರಾಂತಿ. ಸ್ಪೀಕರ್‌ಗಳು ಮೈಕಿಗಿಂತ ಮುಂದಿರಲಿ, ಆಗ ಕುಂಯ್ ಎಂದು ಕೂಗುವ ಕಾಟ ಕಡಿಮೆ. ಮುಖ್ಯವಾಗಿ ‘ಎಕೋ’ ಎಂಬ ಗುಂಡಿ. ಸಂಗೀತ ಸೇವೆಯ ಹೊತ್ತಿಗೆ ಯಾರೋ ಏರಿಸಿದ್ದು ಪ್ರವಚನದ ಹೊತ್ತಿಗೂ ಹಾಗೆಯೇ ಉಳಿದಿರುತ್ತದೆ. ಪ್ರವಚನಕ್ಕೆ ಅದು ಸೊನ್ನೆಯಲ್ಲಿರಬೇಕು, ‘ಬೇಸ್’ ಸಹ ತಗ್ಗಿರಬೇಕು. ಹಿರಿಯರಿಗೆ ಮಾತು ಸ್ಪಷ್ಟವಾಗಲು ಈ ಎರಡು ಗುಂಡಿಗಳು ಮಾಡುವಷ್ಟು ಉಪಕಾರವನ್ನು ದುಬಾರಿ ಪೆಟ್ಟಿಗೆಯೂ ಮಾಡಲಾರದು.

ಕಾನೂನಿನ ಮಾತನ್ನೂ ಆಡಬೇಕು. ೨೦೦೦ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಜನವಸತಿ ಪ್ರದೇಶದಲ್ಲಿ ಹಗಲಿನ ಮಿತಿ ೫೫ ಡೆಸಿಬೆಲ್, ರಾತ್ರಿಯದು ೪೫. ಕಾರ್ಯಕ್ರಮ ನಡೆಯುವ ಸಾರ್ವಜನಿಕ ಸ್ಥಳದ ಗಡಿಯಲ್ಲಿ ಧ್ವನಿವರ್ಧಕದ ಶಬ್ದ ಆ ಪ್ರದೇಶದ ಮಿತಿಗಿಂತ ೧೦ ಹೆಚ್ಚು ಅಥವಾ ೭೫, ಇವೆರಡರಲ್ಲಿ ಕಡಿಮೆಯಾದದ್ದನ್ನು ಮೀರಬಾರದು. ರಾತ್ರಿ ೧೦ರಿಂದ ಬೆಳಿಗ್ಗೆ ೬ರ ವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಸಲ್ಲದು. ಧಾರ್ಮಿಕ, ಸಾಂಸ್ಕೃತಿಕ ಉತ್ಸವಗಳಿಗೆ ವರ್ಷದಲ್ಲಿ ೧೫ ದಿನ ಮೀರದಂತೆ ಮಧ್ಯರಾತ್ರಿಯ ವರೆಗೆ ಸಡಿಲಿಕೆ ಕೊಡುವ ಅಧಿಕಾರ ರಾಜ್ಯ ಸರಕಾರಕ್ಕಿದೆ. ಸರ್ವೋಚ್ಚ ನ್ಯಾಯಾಲಯವೂ ೨೦೦೫ರಲ್ಲಿ ಈ ವಿಷಯದಲ್ಲಿ ವಿಸ್ತೃತ ತೀರ್ಪು ನೀಡಿದೆ. ಜನರ ನಡುವೆ ಕೆಳಮುಖವಾಗಿ ಇಟ್ಟ ಸಣ್ಣ ಸ್ಪೀಕರ್‌ಗಳ ಧ್ವನಿ ಶಾಮಿಯಾನ ದಾಟುವಷ್ಟರಲ್ಲಿ ತಗ್ಗಿಹೋಗುತ್ತದೆ. ಕಂಬದ ತುದಿಗೆ ಕಟ್ಟಿದ ಹಾರ್ನು ಮೂರು ಓಣಿಯಾಚೆ ಬಾಣಂತಿ ಮಲಗಿರುವ ಮನೆಯನ್ನೂ ಪರೀಕ್ಷೆಗೆ ಓದುವ ಹುಡುಗಿಯನ್ನೂ ಹುಡುಕಿಕೊಂಡು ಹೋಗುತ್ತದೆ.

“ಊರಿಗೆಲ್ಲ ಕೇಳಿದರೆ ಪುಣ್ಯವಲ್ಲವೇ, ಶಬ್ದವಿಲ್ಲದೆ ಜಾತ್ರೆಗೆ ಕಳೆ ಎಲ್ಲಿಯದು” ಎಂಬ ಮಾತನ್ನು ನಾವು ಹಲವು ಬಾರಿ ಕೇಳಿದ್ದೇವೆ. ಇದನ್ನು ಹೇಳುವವರ ಭಕ್ತಿಯಲ್ಲಿ ಸಂದೇಹವಿಲ್ಲ. ಆದರೆ ಬಂದು ಕುಳಿತವರಿಗೇ ಮಾತು ತಿಳಿಯದಿರುವಾಗ, ಬಾರದವರ ಮನೆಗೆ ಗದ್ದಲ ಮುಟ್ಟಿಸುವುದು ಯಾವ ಸೇವೆ ಎಂದು ನಮಗೆ ಅರ್ಥವಾಗಿಲ್ಲ. ಖರ್ಚಿನ ಆಕ್ಷೇಪಕ್ಕೆ ಹೆಚ್ಚು ಬೆಲೆ ಕೊಡುತ್ತೇವೆ. ಸಣ್ಣ ಊರಿಗೆ ಎರಡನೆಯ ಪೆಟ್ಟಿಗೆ ಭಾರವೇ. ಅಂತಹ ಕಡೆ ಅಕ್ಕಪಕ್ಕದ ಎರಡು ಊರುಗಳವರು ತಮ್ಮ ತಮ್ಮ ಪೆಟ್ಟಿಗೆಗಳನ್ನು ಪರಸ್ಪರ ಎರವಲು ಕೊಟ್ಟುಕೊಳ್ಳಬಹುದು. ಎರಡು ಊರುಗಳಲ್ಲಿ ಈಗಾಗಲೇ ಹಾಗೆ ನಡೆಯುತ್ತಿರುವುದನ್ನು ನಾವು ಕಂಡಿದ್ದೇವೆ.

ಕಾರ್ಯಕ್ರಮ ಮುಗಿದ ಮೇಲೆ ಕಿವಿ ಗುಂಯ್‌ಗುಟ್ಟಿದರೆ ಅಂದು ಶಬ್ದ ಮಿತಿಮೀರಿತ್ತೆಂದೇ ತಿಳಿಯಬೇಕು. ಮರುದಿನವೂ ಹಾಗೇ ಇದ್ದರೆ ಕಿವಿಯ ವೈದ್ಯರನ್ನು ಕಾಣಬೇಕು. ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಕಾಯಬಾರದು, ಅದೇ ದಿನ ಹೋಗಬೇಕು. ತಡವಾದಷ್ಟೂ ಚಿಕಿತ್ಸೆ ಫಲಿಸುವ ಸಾಧ್ಯತೆ ಕುಗ್ಗುತ್ತದೆ. ಹಿರಿಯರ ಶ್ರವಣ ಪರೀಕ್ಷೆ ಜಿಲ್ಲಾ ಆಸ್ಪತ್ರೆಗಳಲ್ಲಿಯೂ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ಆಗುತ್ತದೆ. ಕಿವಿಗೆ ಯಂತ್ರ ಹಾಕಿಕೊಳ್ಳುವುದನ್ನು ಕನ್ನಡಕ ಹಾಕಿಕೊಂಡಷ್ಟೇ ಸಹಜವೆಂದು ಮನೆಯವರು ಭಾವಿಸಬೇಕು. ಇನ್ನೊಂದು ಮಾತು: ಮೈಕ್‌ಸೆಟ್ ನಡೆಸುವ ಹುಡುಗರು. ಎಲ್ಲರಿಗಿಂತ ಹತ್ತಿರ, ಎಲ್ಲರಿಗಿಂತ ಹೆಚ್ಚು ಹೊತ್ತು, ಋತುವಿಡೀ ಪೆಟ್ಟಿಗೆಯ ಪಕ್ಕದಲ್ಲಿ ನಿಲ್ಲುವವರು ಅವರು. ಔಷಧದಂಗಡಿಯಲ್ಲಿ ಸಿಗುವ ಸ್ಪಂಜಿನ ಕಿವಿಬೆಣೆಯನ್ನು ಅವರಿಗೆ ಕಾರ್ಯಕ್ರಮದ ಸಮಿತಿಯವರೇ ತಂದುಕೊಡಲಿ.

ಆ ಊರಿನಲ್ಲಿ ಪೆಟ್ಟಿಗೆ ದುರಸ್ತಿಯಾಗಿ ಬಂತು. ಶ್ರಾವಣದ ಕೊನೆಯ ವಾರ ಪಕ್ಕದ ಊರಿನಿಂದ ಇನ್ನೊಂದನ್ನು ತಂದು ಲೈನ್ ಔಟಿನಿಂದ ಸೇರಿಸಿ, ಎರಡನ್ನೂ ಸ್ಟ್ಯಾಂಡಿನ ಮೇಲೆ ಏರಿಸಿ, ಎಕೋ ತೆಗೆದರು. ಮೂರನೆಯ ದಿನ ಆ ತಾಯಿ ಸೊಸೆಯ ಕೈ ಹಿಡಿದು ಬಂದು, ಎರಡನೆಯ ಪೆಟ್ಟಿಗೆಯಿಂದ ಇಪ್ಪತ್ತು ಅಡಿ ದೂರದಲ್ಲಿ ಕಂಬಕ್ಕೆ ಒರಗಿ ಕುಳಿತರು. ಎಲ್ಲವೂ ತಿಳಿಯಿತೆಂದು ಹೇಳಲಿಲ್ಲ. “ಅರ್ಧ ತಿಳೀತ್ರಿ” ಎಂದರು. ಶ್ರವಣ ಪರೀಕ್ಷೆಗೆ ಕರೆದೊಯ್ಯಲು ಮಗ ಒಪ್ಪಿದ್ದಾನೆ.

ಗುಡಿಯ ಶಿಖರದ ಪಕ್ಕದ ಕಂಬಕ್ಕೆ ಕಟ್ಟಿರುವ ಎರಡು ಹಾರ್ನುಗಳನ್ನು ಇಳಿಸುವ ಬಗೆಗೆ ಮಾತ್ರ ಸಮಿತಿಯವರಲ್ಲಿ ಇನ್ನೂ ಒಮ್ಮತವಾಗಿಲ್ಲ. ಅಮಾವಾಸ್ಯೆಯ ಸಭೆಗೆ ನಮ್ಮನ್ನೂ ಕರೆದಿದ್ದಾರೆ, ಹೋಗುತ್ತೇವೆ.